ಜವಾರಿ ಕೋಳಿಯನ್ನು ಕಾವಿಗೆ ಕೂಡ್ರಿಸುವುದು: ಬಿಸಿಲು ಸೀಮೆಯ ಮನೆಗಳಿಗೆ

ಹನ್ನೆರಡು ತತ್ತಿ ಇಟ್ಟು ಮೂರೋ ನಾಲ್ಕೋ ಮರಿಯಾದಾಗ ಎಲ್ಲರೂ ಬೈಯುವುದು ಕೋಳಿಯನ್ನೇ. ‘ಈ ಹ್ಯಾಟಿಗೆ ಕಾವೇ ಸಾಲದು’ ಎಂದು ಮುಂದಿನ ಹಬ್ಬಕ್ಕೆ ಅದನ್ನೇ ಕೊಯ್ಯುತ್ತಾರೆ. ಜವಾರಿ ಕೋಳಿ ಈ ಕೆಲಸದಲ್ಲಿ ತಪ್ಪುವುದು ಬಹಳ ಕಡಿಮೆ. ಕಲಬುರಗಿ, ಯಾದಗಿರಿ ಕಡೆ ತತ್ತಿ ಕೆಡುವುದು ಹೆಚ್ಚಾಗಿ ಕೋಳಿಯ ಹೊಟ್ಟೆ ಕೆಳಗೆ ಹೋಗುವ ಮೊದಲೇ, ಗೋಡೆಯ ಮಾಡದಲ್ಲೋ ಪತ್ರಾಸ್ (ತಗಡಿನ ಚಾವಣಿ) ಕೆಳಗಿನ ಡಬ್ಬಿಯಲ್ಲೋ ಇಟ್ಟಿದ್ದಾಗ.

ಹುಂಜ ಕೂಡಿದ ತತ್ತಿಯಲ್ಲಿ ಜೀವ ಮೊದಲ ದಿನದಿಂದಲೇ ಇರುತ್ತದೆ. ತಂಪಿನಲ್ಲಿದ್ದರೆ ಅದು ನಿದ್ದೆಯಲ್ಲಿರುತ್ತದೆ. 15ರಿಂದ 18 ಡಿಗ್ರಿ ಆ ನಿದ್ದೆಗೆ ಹದ. ಇಟ್ಟ ಜಾಗದ ಬಿಸಿ 27 ಡಿಗ್ರಿ ದಾಟಿತೆಂದರೆ ಜೀವ ಅರೆಬರೆ ಎಚ್ಚೆತ್ತು ಬೆಳೆಯತೊಡಗುತ್ತದೆ. ಕೋಳಿಯ ಮೈ ಕೊಡುವ 37.5 ಡಿಗ್ರಿಯ ಒಂದೇ ಸಮನಾದ ಕಾವು ಸಿಗದೆ, ಹಗಲು ಏರಿ ರಾತ್ರಿ ಇಳಿಯುವ ಬಿಸಿಯಲ್ಲಿ ನಾಲ್ಕಾರು ದಿನದಲ್ಲಿ ಸಾಯುತ್ತದೆ. ಮೇಲೆ ನೋಡಿದರೆ ತತ್ತಿ ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ಕೋಳಿಗೆ ಇಟ್ಟು 21 ದಿನ ಕಾಯುತ್ತೇವೆ.

ಹಾಗಾಗಿ ಕಾಲ ನೋಡಿಕೊಂಡು ಕೂಡ್ರಿಸಬೇಕು. ದಸರಾ ಕಳೆದ ಮೇಲಿನಿಂದ ಹೋಳಿ ಹುಣ್ಣಿಮೆಯ ತನಕ ನಮ್ಮ ಕಡೆ ಒಳ್ಳೆಯ ಕಾಲ. ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಹಗಲಿನ ಬಿಸಿಲು ಏರುತ್ತ ಹೋಗಿ 40 ಡಿಗ್ರಿಯನ್ನೂ ದಾಟುವುದುಂಟು. ಆಗ ಮಣ್ಣಿನ ಮಾಳಿಗೆ (ಮಣ್ಣು ಹೊದಿಸಿದ ಸಪಾಟು ಚಾವಣಿ) ಮನೆಯವರು ಮಾತ್ರ ಧೈರ್ಯ ಮಾಡಬಹುದು. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿ ತುಸು ತಂಪು, ಏಪ್ರಿಲ್ ಮೊದಲ ವಾರದವರೆಗೂ ನಡೆಯುತ್ತದೆ. ಮಳೆಗಾಲದಲ್ಲಿ ಮರಿ ಹೊರಡುತ್ತವೆ, ಸಾಕುವುದು ಕಷ್ಟ: ಎರಿ ಮಣ್ಣಿನ ಕೆಸರಲ್ಲಿ ಒದ್ದೆಯಾಗಿ ಚಳಿಗೆ, ರಕ್ತಭೇದಿಗೆ ಹೋಗುತ್ತವೆ.

ತತ್ತಿ ಆರಿಸುವುದು, ಕೂಡಿಡುವುದು

ಅಂಗಡಿಯ ಫಾರಂ ತತ್ತಿ ಇಟ್ಟರೆ ಮರಿಯಾಗದು. ಆ ಕೋಳಿಗಳಿಗೆ ಹುಂಜದ ಸಂಗವೇ ಇರುವುದಿಲ್ಲ. ಎಂಟು ಹತ್ತು ಹ್ಯಾಟಿಗೆ ಒಂದು ಹುಂಜ ಬೇಕು. ಹುಂಜ ಮುದಿಯಾಗಿದ್ದರೆ, ಕಾಲು ಕುಂಟುತ್ತಿದ್ದರೆ, ಇಲ್ಲವೇ ಎರಡು ಹುಂಜಗಳು ದಿನವಿಡೀ ಕಾದಾಡುತ್ತಿದ್ದರೆ ಅರ್ಧಕ್ಕರ್ಧ ತತ್ತಿ ಜೀವವಿಲ್ಲದೆ ಬರಿದಾಗುತ್ತವೆ. ಹೊಸ ಹುಂಜ ತಂದರೆ ಹತ್ತು ದಿನ ಬಿಟ್ಟು ತತ್ತಿ ಕೂಡಿಡಲು ಶುರು ಮಾಡಿ.

ಮಧ್ಯಮ ಗಾತ್ರದ, ಒಂದು ತುದಿ ದುಂಡಗೆ ಒಂದು ತುದಿ ಚೂಪಗೆ ಇರುವ, ಸಿಪ್ಪೆ ನುಣುಪಾದ ತತ್ತಿ ಆರಿಸಿ. ಬಹಳ ದಪ್ಪನೆಯವು, ಉದ್ದನೆಯವು, ಸಿಪ್ಪೆ ತೆಳುವಾದವು, ಮೊದಲ ಸಲ ತತ್ತಿ ಇಡುವ ಪಿಲ್ಲೆಯ ಪುಟ್ಟ ತತ್ತಿಗಳು ಅಡುಗೆಗಿರಲಿ. ಎರಡು ತತ್ತಿಯನ್ನು ಒಂದಕ್ಕೊಂದು ಮೆಲ್ಲಗೆ ತಾಗಿಸಿ. ಸೀಳು ಬಿಟ್ಟಿದ್ದರೆ ಒಡಕು ದನಿ ಬರುತ್ತದೆ.

ಹೇಲು ಮೆತ್ತಿದ ತತ್ತಿಯನ್ನು ತೊಳೆದು ಇಡುವವರಿದ್ದಾರೆ. ದಯವಿಟ್ಟು ತೊಳೆಯಬೇಡಿ. ಸಿಪ್ಪೆಯ ತುಂಬ ಕಣ್ಣಿಗೆ ಕಾಣದ ತೂತುಗಳಿವೆ, ಕೋಳಿ ತತ್ತಿ ಇಡುವಾಗಲೇ ಅವುಗಳ ಮೇಲೆ ಒಂದು ತೆಳು ಲೇಪ ಬಂದಿರುತ್ತದೆ. ನೀರು ತಾಗಿದರೆ ಆ ಲೇಪ ಹೋಗುತ್ತದೆ, ಹೊಲಸು ಒಳಕ್ಕಿಳಿಯುತ್ತದೆ, ಹತ್ತನೇ ದಿನಕ್ಕೆ ತತ್ತಿ ಕೊಳೆತು ಬುಟ್ಟಿಯಲ್ಲೇ ಒಡೆಯುತ್ತದೆ. ಒಂದು ಒಡೆದರೆ ಅದರ ರಸ ಪಕ್ಕದ ನಾಲ್ಕನ್ನು ಕೆಡಿಸುತ್ತದೆ. ತುಸು ಹೊಲಸಾದದ್ದನ್ನು ಒಣ ಬಟ್ಟೆಯಿಂದ ಒರೆಸಿ ಸಾಕು. ಬಹಳ ಮೆತ್ತಿದ್ದರೆ ಕಾವಿಗೆ ಇಡಬೇಡಿ.

ಕೂಡಿಡಲು ಮಡಿಕೆಗಿಂತ ಒಳ್ಳೆಯದು ಇಲ್ಲ. ಅಗಲ ಬಾಯಿಯ ದೊಡ್ಡ ಮಡಿಕೆ ಅಥವಾ ಹರವಿಯ ತಳಕ್ಕೆ ಒಂದು ಗೇಣು ಉಸುಕು ಹಾಕಿ, ಅದರೊಳಗೆ ಚಿಕ್ಕ ಮಡಿಕೆ ಇಟ್ಟು, ಎರಡರ ನಡುವಿನ ಸಂದಿಗೂ ಉಸುಕು ತುಂಬಿ. ಮುಂಜಾನೆ ಸಂಜೆ ಆ ಉಸುಕಿಗೆ ಮಾತ್ರ ನೀರು ಚಿಮುಕಿಸಿ. ಚಿಕ್ಕ ಮಡಿಕೆಯೊಳಗೆ ಒಣ ಹೊಟ್ಟು ಹಾಕಿ ತತ್ತಿಯ ಚೂಪು ತುದಿ ಕೆಳಗೆ ಬರುವಂತೆ ನಿಲ್ಲಿಸಿ, ಬಾಯಿಗೆ ಹತ್ತಿ ಬಟ್ಟೆ ಕಟ್ಟಿ. ಮಾಳಿಗೆ ಮನೆಯ ಒಳಕೋಣೆಯ ಮೂಲೆ ಇದಕ್ಕೆ ತಕ್ಕ ಜಾಗ. ಫ್ರಿಜ್ ಬೇಡ: ಅಲ್ಲಿನ ಚಳಿ ಹೆಚ್ಚಾಯಿತು, ಹೊರಗೆ ತೆಗೆದೊಡನೆ ಸಿಪ್ಪೆ ಬೆವರಿ ಹೊಲಸು ಒಳಸೇರುತ್ತದೆ.

ಚಳಿಗಾಲದಲ್ಲಿ ಏಳು ದಿನದೊಳಗಿನ ತತ್ತಿ, ಬೇಸಿಗೆಯಲ್ಲಿ ಮೂರು ದಿನದೊಳಗಿನದು. ಇದಕ್ಕಿಂತ ಹಳತು ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ. ಪ್ರತಿಯೊಂದರ ಮೇಲೂ ಇಟ್ಟ ತಾರೀಖನ್ನು ಪೆನ್ಸಿಲ್‌ನಿಂದ ಬರೆಯಿರಿ. ಬೇರೆ ಊರಿನಿಂದ ಬಸ್ಸು, ಬೈಕಿನಲ್ಲಿ ತಂದ ತತ್ತಿಯನ್ನು ಕುಲುಕಾಟ ಇಳಿಯಲು ಒಂದು ರಾತ್ರಿ ಚೂಪು ತುದಿ ಕೆಳಗಾಗಿ ಅಲುಗಿಸದೆ ಇಟ್ಟು ಆಮೇಲೆ ಕಾವಿಗೆ ಕೊಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳು ತಾವಾಗಿ ಕಾವಿಗೆ ಕೂಡ್ರುವುದು ಅಪರೂಪ. ಅವುಗಳ ತತ್ತಿಯನ್ನೂ ಜವಾರಿ ಕೋಳಿಯ ಕೆಳಗೆ ಇಡಬಹುದು. ತತ್ತಿ ದೊಡ್ಡವು, ಆದ್ದರಿಂದ ಎಂಟರ ಮೇಲೆ ಬೇಡ. ಹುಟ್ಟುವ ಮರಿ ಬೆಳೆದು ತಾಯಿಯಷ್ಟೇ ತೂಗುತ್ತದೆ ಎಂದು ಲೆಕ್ಕ ಹಾಕಬೇಡಿ.

ಕೋಳಿ ನಿಜವಾಗಿ ಕಾವಿಗೆ ಬಂದಿದೆಯೇ?

ಹನ್ನೆರಡು ಹದಿನೈದು ತತ್ತಿ ಇಟ್ಟ ಮೇಲೆ ಜವಾರಿ ಕೋಳಿ ತತ್ತಿ ನಿಲ್ಲಿಸಿ ಗೂಡು ಬಿಡದೆ ಕೂಡ್ರತೊಡಗುತ್ತದೆ. ಹತ್ತಿರ ಹೋದರೆ ಗರಿ ಕೆದರಿ ಮೈ ಎರಡರಷ್ಟು ಮಾಡಿಕೊಂಡು ‘ಕೊಕ್ ಕೊಕ್’ ಎಂದು ತಗ್ಗಿನ ದನಿಯಲ್ಲಿ ಗದರುತ್ತದೆ, ಕೈ ಚಾಚಿದರೆ ಕುಕ್ಕುತ್ತದೆ. ಜುಟ್ಟಿನ ಕೆಂಪು ಮಾಸುತ್ತದೆ. ದಿನಕ್ಕೊಮ್ಮೆ ಎದ್ದು ಹಾಕುವ ಹಿಕ್ಕೆ ದೊಡ್ಡದಾಗಿ, ಬಹಳ ನಾರುತ್ತದೆ. ಎದೆಯ ಕೆಳಗೆ ಬೆರಳು ತೂರಿಸಿದರೆ ಗರಿ ಉದುರಿ ಬೋಳಾದ ಬೆಚ್ಚನೆಯ ಚರ್ಮ ತಾಗುತ್ತದೆ. ತತ್ತಿಗೆ ಕಾವು ತಲುಪುವುದು ಆ ಬೋಳು ಎದೆಯಿಂದಲೇ.

ಇಷ್ಟು ಕಂಡರೂ ಒಳ್ಳೆಯ ತತ್ತಿಯನ್ನು ಅಂದೇ ಕೊಡಬೇಡಿ. ಎರಡು ಮೂರು ಹಳೆ ತತ್ತಿ, ಇಲ್ಲವೇ ತತ್ತಿ ಗಾತ್ರದ ನುಣ್ಣನೆಯ ಕಲ್ಲು ಇಟ್ಟು ಎರಡು ರಾತ್ರಿ ನೋಡಿ. ಹಗಲು ಕೂತು ಸಂಜೆ ಉಳಿದ ಕೋಳಿಗಳ ಜೊತೆ ಮಲಗಲು ಹೋದರೆ ಕಾವು ಇನ್ನೂ ಬಲಿತಿಲ್ಲ. ಎರಡು ರಾತ್ರಿಯೂ ಅಲ್ಲೇ ಇದ್ದರೆ ನಂಬಬಹುದು.

ಕಾವೇ ಬರದ ಕೋಳಿಯನ್ನು ಬಲವಂತದಿಂದ ಕೂಡ್ರಿಸಲಾಗದು. ಬುಟ್ಟಿ ಮುಚ್ಚಿ ಕಟ್ಟಿದರೂ ತತ್ತಿ ತುಳಿಯುತ್ತದೆ. ಆದರೆ ಕಾವು ಬರುವ ಹೊತ್ತಿನಲ್ಲಿರುವ ಕೋಳಿಗೆ ನೆರವಾಗಬಹುದು: ಗೂಡು ಮಬ್ಬುಗತ್ತಲಲ್ಲಿರಲಿ, ಇಟ್ಟ ತತ್ತಿ ಎತ್ತಿಕೊಂಡರೂ ಗೂಡು ಬರಿದು ಮಾಡದೆ ನಾಲ್ಕೈದು ಕಲ್ಲು ಬಿಡಿ. ಗೂಡು ತುಂಬಿದ್ದು ಕಂಡರೆ ಕೋಳಿಗೆ ಕೂಡ್ರುವ ಮನಸ್ಸು ಬೇಗ ಬರುತ್ತದೆ.

ಕೂಡ್ರಿಸುವ ಮೊದಲು ಹೇನು ನೋಡಿ. ರೆಕ್ಕೆ ಸಂದಿ, ಗುದದ ಸುತ್ತ ಗರಿ ಬಿಡಿಸಿದರೆ ಹರಿದಾಡುವುದು ಕಾಣುತ್ತದೆ. ಹೇನು ತುಂಬಿದ ಕೋಳಿ ತುರಿಕೆಗೆ ತಾಳದೆ ಹತ್ತು ಹನ್ನೆರಡನೇ ದಿನಕ್ಕೆ ತತ್ತಿ ಬಿಟ್ಟೇಳುತ್ತದೆ. ಜರಡಿ ಹಿಡಿದ ಒಲೆ ಬೂದಿ, ನುಣ್ಣನೆಯ ಮಣ್ಣು ಸಮ ಬೆರೆಸಿ ಒಂದು ತಗ್ಗಿನಲ್ಲಿ ಹಾಕಿಕೊಡಿ, ಅದೇ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತದೆ. ಬೆಳೆಗೆ ಹೊಡೆಯುವ ಪುಡಿಯನ್ನು ಗೂಡಿಗೆ ಹಾಕಲೇಬೇಡಿ. ಆ ವಿಷ ಸಿಪ್ಪೆ ದಾಟಿ ಮರಿಯನ್ನೂ ಮುಟ್ಟುತ್ತದೆ.

ಜಾಗ, ಬುಟ್ಟಿ, ಹಾಸು

ಪತ್ರಾಸ್ ಶೆಡ್ಡಿನಲ್ಲಿ ಫೆಬ್ರುವರಿ ಮಧ್ಯಾಹ್ನವೇ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಶಹಾಬಾದ್ ಫರಸಿ ಹೊದಿಸಿದ ಚಾವಣಿಯೂ ಹಗಲು ಕುಡಿದ ಬಿಸಿಯನ್ನು ನಡುರಾತ್ರಿಯವರೆಗೆ ಕೆಳಕ್ಕೆ ಬಿಡುತ್ತದೆ. ತತ್ತಿಗೆ 36ಕ್ಕಿಂತ ತುಸು ಕಡಿಮೆ ಕಾವು ಸಿಕ್ಕರೆ ಮರಿ ತಡವಾಗುತ್ತದೆ, ಅಷ್ಟೇ. 40 ಡಿಗ್ರಿ ಮೀರಿದ ಬಿಸಿ ಕೆಲ ತಾಸು ತಾಗಿದರೆ ಮರಿ ಸಾಯುತ್ತದೆ. ಇಲ್ಲಿ ಚಳಿಗಿಂತ ಬಿಸಿಗೆ ಹೆಚ್ಚು ಅಂಜಬೇಕು. ಮಾಳಿಗೆ ಮನೆಯ ಒಳಮೂಲೆ, ದನದ ಕೊಟ್ಟಿಗೆಯ ಮಣ್ಣುಗೋಡೆಯ ಬದಿ, ದೊಡ್ಡ ಬೇವಿನ ನೆರಳು ಸದಾ ಬೀಳುವ ಕೋಣೆ ಒಳ್ಳೆಯವು. ಮಬ್ಬುಗತ್ತಲಿರಬೇಕು, ಗಾಳಿಯೂ ಆಡಬೇಕು.

ತೊಗರಿ ಕಟ್ಟಿಗೆಯಿಂದ ಹೆಣೆದ ಬುಟ್ಟಿ ಇದಕ್ಕೆಂದೇ ಮಾಡಿದಂತಿದೆ: ಸಂದಿಯಿಂದ ಗಾಳಿ ಬರುತ್ತದೆ, ಹಗುರ, ಕೋಳಿ ಅಂಚಿನ ಮೇಲೆ ಕಾಲಿಟ್ಟರೂ ಮಗುಚುವುದಿಲ್ಲ. ಬಾಯಿ ಒಂದೂವರೆ ಗೇಣಿನಿಂದ ಎರಡು ಗೇಣು, ಆಳ ಒಂದು ಗೇಣು ಸಾಕು. ಹೆಚ್ಚು ಆಳವಾದರೆ ಕೋಳಿ ಮೇಲಿಂದ ತತ್ತಿಯ ಮೇಲೆ ಹಾರಿ ಒಡೆಯುತ್ತದೆ. ಪ್ಲಾಸ್ಟಿಕ್ ಟಬ್, ತಗಡಿನ ಬುಟ್ಟಿ ಬೇಡ.

ತಳಕ್ಕೆ ಮೂರು ಬೆರಳು ದಪ್ಪ ಉಸುಕು ಬೆರೆತ ಮಣ್ಣು ಹಾಕಿ, ತುಸು ನೀರು ಚಿಮುಕಿಸಿ, ಅಂಗೈಯಿಂದ ಒತ್ತಿ ನಡುವೆ ಆಳವಿಲ್ಲದ ತಗ್ಗು ಮಾಡಿ. ತಟ್ಟೆಯಂತೆ ಇರಲಿ, ಬಟ್ಟಲಿನಂತೆ ಬೇಡ. ತಗ್ಗು ಆಳವಾದರೆ ತತ್ತಿಗಳು ಒಂದರ ಮೇಲೊಂದು ಏರುತ್ತವೆ, ಸಪಾಟಾದರೆ ಅಂಚಿಗೆ ಉರುಳಿ ತಣ್ಣಗಾಗುತ್ತವೆ. ಮೇಲೆ ಒಂದು ಹಿಡಿ ಬೂದಿ, ಒಂದು ಹಿಡಿ ಒಣಗಿದ ಬೇವಿನ ತಪ್ಪಲು, ಅದರ ಮೇಲೆ ಹುಲ್ಲು. ಶಹಾಪುರ, ಸುರಪುರ ಕಡೆ ಸಿಗುವ ಭತ್ತದ ಹುಲ್ಲು ಎಲ್ಲಕ್ಕಿಂತ ಮೆತ್ತಗೆ. ಅದಿಲ್ಲದಿದ್ದರೆ ಜೋಳದ ರವದಿಯನ್ನು ಕೈಯಿಂದ ಹಿಸುಕಿ ಮೆತ್ತಗೆ ಮಾಡಿ ಹಾಸಿ. ಸೋಯಾ ಹೊಟ್ಟು ಚುಚ್ಚುತ್ತದೆ. ಬೂಸಲು ವಾಸನೆ ಬರುವ ಯಾವ ಹುಲ್ಲೂ ಬೇಡ.

ಬುಟ್ಟಿಯನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ಸುತ್ತ ಬೂದಿಯ ಗೆರೆ ಎಳೆಯಿರಿ. ಸಿಪ್ಪೆ ಬಿರಿದ ತತ್ತಿಗೆ ಕೆಂಪಿರುವೆ ಮುತ್ತಿದರೆ ಮರಿ ಹೊರಬರುವ ಮೊದಲೇ ಸಾಯುತ್ತದೆ. ಬೆಕ್ಕು, ಮುಂಗಸಿ, ಹೆಗ್ಗಣ, ಹಾವು ಬಾರದಂತೆ ರಾತ್ರಿ ಮೇಲೊಂದು ದೊಡ್ಡ ಬುಟ್ಟಿ ಕವುಚಿ ಕಲ್ಲು ಹೇರಿ.

ಗುಡುಗಿಗೆ ತತ್ತಿ ಕೆಡಬಾರದೆಂದು ಹುಲ್ಲಿನೊಳಗೆ ಕಬ್ಬಿಣದ ಚೂರು, ಇದ್ದಿಲು, ಒಣ ಮೆಣಸಿನಕಾಯಿ ಇಡುವ ರೂಢಿ ಹಿರಿಯರಿಂದ ಬಂದದ್ದು. ಇಟ್ಟರೆ ತೊಂದರೆಯಿಲ್ಲ. ಆದರೆ ಗುಡುಗಿನ ದಿನ ನಿಜವಾಗಿ ಕಾಯಬೇಕಾದದ್ದು ಎರಡನ್ನು: ಬೆದರಿದ ಕೋಳಿ ಜಿಗಿದು ತತ್ತಿ ಒಡೆಯುವುದನ್ನು, ಸೋರುವ ನೀರು ಬುಟ್ಟಿಗೆ ಬೀಳುವುದನ್ನು.

ರಾತ್ರಿ ಕೂಡ್ರಿಸುವುದು

ಕೋಳಿ ತಾನೇ ಆರಿಸಿದ ಗೂಡಿನಲ್ಲೇ ಬಿಟ್ಟರೆ ಉಳಿದ ಹ್ಯಾಟಿಗಳು ಅಲ್ಲೇ ಬಂದು ತತ್ತಿ ಇಟ್ಟು ಹೋಗುತ್ತವೆ. ಹತ್ತು ದಿನದ ಹಿಂದಿನದು, ನಿನ್ನೆಯದು, ಇಂದಿನದು ಒಂದೇ ಬುಟ್ಟಿಯಲ್ಲಿ ಬೆರೆಯುತ್ತವೆ. ಮೊದಲ ಮರಿಗಳು ಹೊರಟೊಡನೆ ಕೋಳಿ ಅವುಗಳ ಹಿಂದೆ ಎದ್ದು ಹೋಗುತ್ತದೆ, ಉಳಿದ ತತ್ತಿಯಲ್ಲಿ ಅರ್ಧ ಬೆಳೆದ ಜೀವ ಸಾಯುತ್ತದೆ. ಅದಕ್ಕೇ ಬೇರೆ ಕೋಣೆಗೆ ಒಯ್ಯಬೇಕು, ರಾತ್ರಿಯೇ ಒಯ್ಯಬೇಕು. ಹಗಲು ಒಯ್ದರೆ ಹಳೆಯ ಜಾಗಕ್ಕೇ ಓಡಿ ಬರುತ್ತದೆ.

ರಾತ್ರಿ ಎಂಟು ಒಂಬತ್ತಕ್ಕೆ, ದೀಪ ಹಚ್ಚದೆ, ಎರಡೂ ಅಂಗೈಯನ್ನು ಎದೆಯ ಕೆಳಗೆ ತೂರಿಸಿ. ಎತ್ತುವ ಮೊದಲು ರೆಕ್ಕೆ ತುಸು ಸರಿಸಿ ಬೆರಳಾಡಿಸಿ: ಕಾಲಿಗೂ ಹೊಟ್ಟೆಗೂ ನಡುವೆ ತತ್ತಿ ಸಿಕ್ಕಿಕೊಂಡಿರುತ್ತದೆ, ಹಾಗೇ ಎತ್ತಿದರೆ ಮೊಳಕಾಲೆತ್ತರದಿಂದ ಬಿದ್ದು ಒಡೆಯುತ್ತದೆ. ಹೊಸ ಬುಟ್ಟಿಯಲ್ಲಿ ಮೊದಲು ಕಲ್ಲುಗಳ ಮೇಲೇ ಕೂಡ್ರಿಸಿ. ಮರುದಿನ ರಾತ್ರಿಗೂ ಗಟ್ಟಿಯಾಗಿ ಕೂತಿದ್ದರೆ ಒಂದೊಂದೇ ಕಲ್ಲು ತೆಗೆದು ಒಂದೊಂದೇ ತತ್ತಿ ಸರಿಸಿ. ಎಲ್ಲ ತತ್ತಿ ಒಂದೇ ರಾತ್ರಿ, ಒಂದೇ ಸಲ.

ಒಂದೂವರೆ ಕಿಲೋ ತೂಗುವ ಕೋಳಿಗೆ ಹತ್ತರಿಂದ ಹನ್ನೆರಡು. ಡಿಸೆಂಬರ್, ಜನವರಿಯ ಚಳಿಯಲ್ಲಿ, ಬೀದರ್ ಕಡೆಯಂತೂ, ಎಂಟು ಒಂಬತ್ತು ಸಾಕು. ಕೋಳಿ ತತ್ತಿಗಳನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಸದಾ ಬದಲಿಸುತ್ತಿರುತ್ತದೆ. ಮೈ ಮುಚ್ಚದಷ್ಟು ಇಟ್ಟರೆ ಸರದಿಯ ಮೇಲೆ ಎಲ್ಲವೂ ತಣ್ಣಗಾಗುತ್ತವೆ, ಎರಡು ಹೆಚ್ಚಿಗೆ ಇಟ್ಟದ್ದಕ್ಕೆ ಆರು ಕಳೆದುಕೊಳ್ಳುತ್ತೀರಿ. ಮೊದಲ ಸಲದ ಕೋಳಿಗೆ ಏಳು ಕೊಟ್ಟು ನೋಡಿ.

ರವಿವಾರ ರಾತ್ರಿ ಕೂಡ್ರಿಸಿದರೆ ಮೂರು ವಾರ ಕಳೆದ ರವಿವಾರಕ್ಕೆ 21 ದಿನ. ಗೋಡೆಯ ಕ್ಯಾಲೆಂಡರಿನಲ್ಲಿ 7, 14, 18, 21ನೇ ದಿನಗಳಿಗೆ ಗುರುತು ಹಾಕಿ. ಎರಡು ಕೋಳಿ ಒಟ್ಟಿಗೆ ಕಾವಿಗೆ ಬಂದಿದ್ದರೆ ಒಂದೇ ರಾತ್ರಿ ಕೂಡ್ರಿಸುವುದು ಬಹಳ ಲಾಭ: ಏಳನೇ ದಿನ ಬರಿ ತತ್ತಿ ತೆಗೆದ ಮೇಲೆ ಉಳಿದದ್ದು ಒಂದೇ ಕೋಳಿಗೆ ಹಿಡಿಸಿದರೆ ಇನ್ನೊಂದಕ್ಕೆ ಹೊಸ ತತ್ತಿ ಕೊಡಬಹುದು.

ಮೂರು ವಾರ

ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಕೋಳಿ ಎದ್ದು ತಿಂದು, ಕುಡಿದು, ಹಿಕ್ಕೆ ಹಾಕಿ ಬರಬೇಕು. ಕೆಲವು ಎಷ್ಟು ಗಟ್ಟಿಯಾಗಿ ಕೂಡ್ರುತ್ತವೆ ಎಂದರೆ ಏಳುವುದೇ ಇಲ್ಲ; ಅವನ್ನು ನೀವೇ ಎತ್ತಿ ಹೊರಗಿಡಿ. ಮುಂಜಾನೆ ಒಂದೇ ಹೊತ್ತಿಗೆ ಆದರೆ ಕೋಳಿಗೂ ರೂಢಿಯಾಗುತ್ತದೆ. ಇಡಿ ಜೋಳ, ಸಜ್ಜೆ, ಗೋವಿನಜೋಳ ಕೊಡಿ. ಹಿಟ್ಟು, ನೆನೆಸಿದ ಅನ್ನ ಕೊಟ್ಟರೆ ಹಿಕ್ಕೆ ತೆಳುವಾಗಿ ಬುಟ್ಟಿಯಲ್ಲೇ ಹೊಲಸು ಮಾಡುತ್ತದೆ. ನೀರು ಬುಟ್ಟಿಯಿಂದ ಒಂದು ಮಾರು ದೂರದಲ್ಲಿ, ನೆರಳಲ್ಲಿ. ಒಂದು ದಿನ ಎರಡು ಮೂರು ತಾಸು ಬರದೆ ತತ್ತಿ ತಣ್ಣಗಾದರೂ ಎಸೆಯಬೇಡಿ, ಅದನ್ನೇ ಮತ್ತೆ ಕೂಡ್ರಿಸಿ ಎರಡು ದಿನ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಆ ಮಟ್ಟದ ತಂಪನ್ನು ಬಹಳಷ್ಟು ತತ್ತಿ ತಾಳುತ್ತವೆ.

ಏಳನೇ ರಾತ್ರಿ ಕತ್ತಲ ಕೋಣೆಯಲ್ಲಿ ತಪಾಸಣೆ ಮಾಡಿ. ರಟ್ಟಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಮಾಡಿ ಮೊಬೈಲ್ ಟಾರ್ಚಿನ ಮೇಲಿಡಿ, ತತ್ತಿಯ ದುಂಡು ತುದಿಯನ್ನು ತೂತಿಗೆ ಒತ್ತಿ ಹಿಡಿಯಿರಿ. ತತ್ತಿ ಕೆಂಪಗೆ ಬೆಳಗುತ್ತದೆ. ಜೀವ ಇದ್ದರೆ ನಡುವೆ ಒಂದು ಕಪ್ಪು ಚುಕ್ಕಿ, ಅದರಿಂದ ಜೇಡರ ಬಲೆಯಂತೆ ಹರಡಿದ ಕೆಂಪು ನರಗಳು. ತತ್ತಿ ತುಸು ತಿರುವಿದರೆ ಚುಕ್ಕಿ ತೇಲುತ್ತದೆ, ಗಮನವಿಟ್ಟರೆ ತಾನಾಗಿ ಅದುರುವುದೂ ಕಾಣುತ್ತದೆ. ಏನೂ ಇಲ್ಲದೆ ಹಳದಿಯ ಮಸುಕು ನೆರಳಷ್ಟೇ ಕಂಡರೆ ಬರಿ ತತ್ತಿ. ನರಗಳಿಲ್ಲದೆ ಒಂದು ಕೆಂಪು ಉಂಗುರ ಕಂಡರೆ ಬೆಳೆಯತೊಡಗಿ ಸತ್ತದ್ದು. ಬರಿದಾದವನ್ನೂ ಸತ್ತವನ್ನೂ ತೆಗೆದುಬಿಡಿ. ಅನುಮಾನ ಬಂದರೆ ಗುರುತು ಮಾಡಿ ಬಿಟ್ಟು 14ನೇ ದಿನ ಮತ್ತೆ ನೋಡಿ. ಆಗ ಮುಕ್ಕಾಲು ಕಪ್ಪಾಗಿ ದುಂಡು ತುದಿಯಲ್ಲಿ ಗಾಳಿಯ ಗೂಡು ಮಾತ್ರ ಬೆಳಗಿರಬೇಕು. ಒಂದು ತತ್ತಿಗೆ ಅರ್ಧ ನಿಮಿಷ ಸಾಕು.

18ನೇ ದಿನದಿಂದ ತತ್ತಿ ಮುಟ್ಟಬೇಡಿ. ಒಳಗೆ ಮರಿ ಕೊಕ್ಕನ್ನು ಗಾಳಿಗೂಡಿನ ಕಡೆ ತಿರುಗಿಸಿಕೊಳ್ಳುವ ಹೊತ್ತು ಅದು. ನಮ್ಮ ಒಣ ಹವೆಗೆ ಈ ಮೂರು ದಿನವೇ ಕಠಿಣ: ಸಿಪ್ಪೆಯೊಳಗಿನ ಪೊರೆ ಒಣಗಿ ಚರ್ಮದಂತಾಗಿ ಮರಿಗೆ ಅಂಟಿಕೊಳ್ಳುತ್ತದೆ, ಮರಿ ತಿರುಗಲಾರದೆ ಸಾಯುತ್ತದೆ. ಕೋಳಿ ಎದ್ದಾಗ ಬುಟ್ಟಿಯ ಅಂಚಿನ ಹುಲ್ಲು, ತಳದ ಮಣ್ಣಿಗೆ ಉಗುರುಬೆಚ್ಚನೆಯ ನೀರನ್ನು ಬೆರಳಿನಿಂದ ಚಿಮುಕಿಸಿ. ಪಕ್ಕದಲ್ಲಿ ಒದ್ದೆ ಗೋಣಿತಟ್ಟು ತೂಗುಹಾಕಿ. ಮರಿ ಇದೆಯೋ ಎಂದು ತತ್ತಿಯನ್ನು ನೀರಲ್ಲಿ ತೇಲಿಬಿಡುವ ಪರೀಕ್ಷೆ ಬೇಡ. ಕಾಣದಂಥ ಬಿರುಕಿದ್ದರೂ ಮರಿ ಮುಳುಗುತ್ತದೆ.

ಬಿರುಕು ಬಿಟ್ಟ ಮೇಲೆ ಹೊರಬರಲು 12ರಿಂದ 24 ತಾಸು ಹಿಡಿಯುತ್ತದೆ. ತಡವಾಯಿತೆಂದು ಸಿಪ್ಪೆ ಸುಲಿಯಬೇಡಿ. ಆ ಹೊತ್ತಿನಲ್ಲಿ ಮರಿ ಪೊರೆಯ ರಕ್ತವನ್ನೂ ಉಳಿದ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ನೀವು ಸುಲಿದರೆ ರಕ್ತ ಸೋರುತ್ತದೆ. ಹಳದಿ ಒಳಗೆ ಇರುವುದರಿಂದಲೇ ಹುಟ್ಟಿದ ಮರಿ ಎರಡು ದಿನ ಆಹಾರವಿಲ್ಲದೆ ಇರಬಲ್ಲದು. ಕೋಳಿಗೆ ಕೊನೆಯ ತತ್ತಿಗಳ ಮೇಲೆ ಕೂಡ್ರಲು ಬಿಡಿ. 22ನೇ ದಿನ ಮುಗಿದರೂ ದನಿಯಿಲ್ಲದ ತತ್ತಿ ತೆಗೆಯಿರಿ.

ಆ ಉಳಿದ ತತ್ತಿಗಳನ್ನು ತಿಪ್ಪೆಗೆ ಎಸೆಯುವ ಮುನ್ನ ದೂರದಲ್ಲಿ ಒಡೆದು ನೋಡಿ. ಮುಂದಿನ ಸಲಕ್ಕೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಬಹಳಷ್ಟು ಬರಿದಾಗಿದ್ದರೆ ಹುಂಜ ನೋಡಿ. ಮೊದಲ ವಾರದ ರಕ್ತದ ಉಂಗುರ ಹೆಚ್ಚಿದ್ದರೆ ಕೂಡಿಟ್ಟ ಜಾಗದ ಬಿಸಿ, ಇಲ್ಲವೇ ತತ್ತಿ ಹಳತು. ನಡುವಿನಲ್ಲಿ ಸತ್ತಿದ್ದರೆ ಕೋಳಿ ಎಲ್ಲೋ ಬಹಳ ಹೊತ್ತು ಎದ್ದಿತ್ತು, ಹೇನು ನೋಡಿ. ಪೂರ್ತಿ ಬೆಳೆದು ಪೊರೆಗೆ ಅಂಟಿದ್ದರೆ ಒಣಗಾಳಿ. ಹಸಿರಾಗಿ ಕೊಳೆತು ನಾರಿದರೆ ಹೊಲಸು ತತ್ತಿ, ಇಲ್ಲವೇ ತೊಳೆದದ್ದು.

ಮರಿ ಇಳಿದ ಮೇಲೆ

ಮೊದಲ ದಿನ ತುಸು ಬೆಲ್ಲ ಕದಡಿದ ಕುದಿಸಿ ಆರಿಸಿದ ನೀರು, ಆಳವಿಲ್ಲದ ತಟ್ಟೆಯಲ್ಲಿ, ಮುಳುಗದಂತೆ ನಡುವೆ ಹರಳು ಹಾಕಿ. ಆಮೇಲೆ ಜೋಳದ ನುಚ್ಚು, ಸಜ್ಜೆಯ ನುಚ್ಚು; ಮೊದಲ ಮೂರು ನಾಲ್ಕು ವಾರ ಎಳೆ ಮರಿಗೆಂದೇ ಮಾಡಿದ ಸ್ಟಾರ್ಟರ್ ಆಹಾರ ಬೆರೆಸಿದರೆ ಬೆಳವಣಿಗೆ ಬೇರೆಯೇ. ಹದ್ದು, ಕಾಗೆಗಳ ಕಾಟಕ್ಕೆ ಹತ್ತು ದಿನ ಬುಟ್ಟಿ ಕವುಚಿಯೇ ಸಾಕಿ, ತಾಯಿಯನ್ನೂ ಒಳಗೇ ಬಿಡಿ.

ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಒಂದೇ ವಾರದಲ್ಲಿ ಗುಂಪು ಖಾಲಿ. 5ರಿಂದ 7ನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಅದರ ಲಸಿಕೆಯಾದ ಲಸೋಟಾ ಒಂದು ಹನಿ, ನಾಲ್ಕನೇ ವಾರ ಇನ್ನೊಮ್ಮೆ, ಎಂಟನೇ ವಾರ ಆರ್‌ಟೂಬಿ ಚುಚ್ಚುಮದ್ದು. ಲಸಿಕೆ ಬಾಟಲಿ ನೂರು ಕೋಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಬರ್ಫದಲ್ಲೇ ಇರಬೇಕು. ಓಣಿಯ ನಾಲ್ಕಾರು ಮನೆಯವರು ಮಾತಾಡಿಕೊಂಡು ಒಂದೇ ದಿನ ಪಶು ಆಸ್ಪತ್ರೆಯಿಂದ ತರಿಸಿದರೆ ವ್ಯರ್ಥವಾಗದು. ಕೋಳಿಗಳನ್ನು ಒಂದೇ ವಾರ ಕೂಡ್ರಿಸಿದ್ದರೆ ಇದೂ ಸುಲಭ.

ಬೇಸಿಗೆಯಲ್ಲಿ ಕಾವಿಗೆ ಬಂದು ಕೂಡ್ರಿಸುವ ಮನಸ್ಸಿಲ್ಲದ ಕೋಳಿಯ ಮೂಗಿಗೆ ಗರಿ ಚುಚ್ಚುವುದು, ನೀರಲ್ಲಿ ಮುಳುಗಿಸುವುದು ಹಿಂಸೆ. ನೆಲದಿಂದ ಎತ್ತರದಲ್ಲಿ, ತಳಕ್ಕೆ ಬಿದಿರ ಸೀಳು ಅಥವಾ ಜಾಲಿಯಿರುವ, ಹುಲ್ಲಿಲ್ಲದ ಪಂಜರದಲ್ಲಿ ಮೂರು ನಾಲ್ಕು ದಿನ ನೀರು ಕಾಳು ಕೊಟ್ಟು ಇಡಿ. ಕೆಳಗಿಂದ ಗಾಳಿಯಾಡಿ ಹೊಟ್ಟೆ ತಣಿದರೆ ಕಾವು ಇಳಿಯುತ್ತದೆ, ಎರಡು ಮೂರು ವಾರದಲ್ಲಿ ಮತ್ತೆ ತತ್ತಿ ಇಡುತ್ತದೆ.

ಮರಿ ಇಳಿದ ದಿನವೇ ಬುಟ್ಟಿಯ ಹುಲ್ಲನ್ನು ಸುಟ್ಟುಬಿಡಿ, ಹೇನು ಅದರಲ್ಲೇ ಉಳಿದಿರುತ್ತದೆ. ಬುಟ್ಟಿಯನ್ನು ಸುಣ್ಣದ ನೀರಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಒಣಗಿಸಿ ಮೇಲೆ ತೂಗುಹಾಕಿ.